ಅಮ್ಮನ ಬೆಕ್ಕೂ ನನ್ನ ಹಾಸಿಗೆಯೂ

ನಮ್ಮ ವಂಶದಲ್ಲಿ ಹಾಸಿಗೆಯ ಮೇಲೆ ಮಲಗಿದ ಮೊದಲ ಜೀವ ನಾನಲ್ಲ. ಅಮ್ಮನೂ ಅಲ್ಲ. ಅಮ್ಮನ ಬೆಕ್ಕು.

ಹೋದ ವರ್ಷ ಮಳೆ ನಿಂತ ಮೇಲೆ ಪುತ್ತೂರಿನಿಂದ ಹಾಸಿಗೆ ಹೊಲಿಯುವವರು ಬಂದಿದ್ದರು. ಕಡಬದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಬೂರುಗದ ಹತ್ತಿಯನ್ನು ಕೋಲಿನಿಂದ ಬಡಿದು, ನೀಲಿ ಪಟ್ಟೆಯ ದಪ್ಪ ಬಟ್ಟೆಯೊಳಗೆ ತುಂಬಿ, ಗೇಣುದ್ದದ ಸೂಜಿಯಲ್ಲಿ ಹೊಲಿದು ಕೊಟ್ಟು ಹೋದರು. ಮರುದಿನ ಅದನ್ನು ಬಿಸಿಲಿಗೆ ಹಾಕಿದೆವು. ನಾನು ಒಳಗೆ ಹೋಗಿ ಹೊಸ ಹೊದಿಕೆ ತರುವಷ್ಟರಲ್ಲಿ ಬೊಳ್ಳಿ ಹಾಸಿಗೆಯ ನಟ್ಟನಡುವೆ ಹತ್ತಿ, ಮುಂಗಾಲಿನಿಂದ ನಾಲ್ಕು ಸಲ ಹಿಸುಕಿ, ಸುರುಳಿ ಸುತ್ತಿ ಮಲಗಿಯೇ ಬಿಟ್ಟಿತ್ತು.

ಅಮ್ಮ ನಕ್ಕಳು. ನಾನು ನಗಲಿಲ್ಲ.

(ಬೊಳ್ಳಿ ಅಂದರೆ ತುಳುವಿನಲ್ಲಿ ಬೆಳ್ಳಿ. ಮೈಯೆಲ್ಲ ಬಿಳಿ, ಬಾಲ ಮಾತ್ರ ಬೂದಿ.)

ಈ ಕತೆ ಈಗ ಯಾಕೆ? ಈ ಅಂಕಣಕ್ಕೆ ಸುಳ್ಯದ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ. ಅವರ ಮಗಳು ಬೆಕ್ಕನ್ನು ಬಿಟ್ಟು ಮಲಗುವುದಿಲ್ಲವಂತೆ. ಬೆಕ್ಕಿನಿಂದ ಮನೆಯವರಿಗೆ ನಿದ್ದೆ ಇಲ್ಲ, ಹಾಸಿಗೆ ಹಾಳು. ‘ತಾವು ವಿಜ್ಞಾನ ಓದಿದವರು, ಟೀಚರು. ಬೆಕ್ಕೂ ಇರಬೇಕು, ಹಾಸಿಗೆಯೂ ಉಳಿಯಬೇಕು, ಅಂಥ ಉಪಾಯ ಏನಾದರೂ ತಿಳಿಸಿ’ ಎಂದು ಕೇಳಿದ್ದಾರೆ. ಕಾರ್ಡು ಬಂದು ಮೂರು ವಾರವಾಯಿತು. ನಾನು ಬೇರೆ ಏನೇನೋ ಬರೆದೆ. ಇದಕ್ಕೆ ಉತ್ತರ ಬರೆಯಲಿಲ್ಲ.

ವಿಜ್ಞಾನ ಓದಿದವರು. ಆ ಎರಡು ಪದಗಳ ಹತ್ತಿರ ಬಂದು ಪ್ರತಿಸಲ ನಿಲ್ಲುತ್ತಿದ್ದೆ.

ನನ್ನ ಬಗ್ಗೆ ನಿಮಗೆ ಗೊತ್ತಿರುವುದೇ. ನಮ್ಮದು ಪೆರಾಬೆ. ಅಪ್ಪ ಕೂಲಿ ಕೆಲಸದವರು, ನಾನು ಏಳನೆಯ ಕ್ಲಾಸಿನಲ್ಲಿರುವಾಗ ತೀರಿಹೋದರು. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ನಮ್ಮ ಕುಟುಂಬದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವಳು ನಾನು. ಡಿಗ್ರಿಯ ಮಾತು ಬಿಡಿ, ಹತ್ತನೆಯ ಕ್ಲಾಸಿನ ಮುಖ ನೋಡಿದವರೇ ಇರಲಿಲ್ಲ. ಬೆಳಗ್ಗೆ ಕತ್ತಲೆಗೇ ಎದ್ದು ಬಸ್ಸಿಗಾಗಿ ನಡೆದು, ಪುತ್ತೂರಿಗೆ ಹೋಗಿ ಬಂದು, ಬಿ.ಎಸ್ಸಿ. ಮುಗಿಸಿದೆ. ಆಮೇಲೆ ಬಿ.ಎಡ್. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹೆಮ್ಮೆಯೇ ಇದೆ. ಇವತ್ತು ಬರೆಯುವ ವಿಷಯ ಗೊತ್ತಿದ್ದೂ ಹೇಳುತ್ತಿದ್ದೇನೆ, ಇದೆ.

ಮನೆಯ ಬಾಗಿಲಿಗೆ ನನ್ನ ಹೆಸರಿನ ಮರದ ಹಲಗೆ. ಹೆಸರಿನ ಮುಂದೆ ಎರಡೂ ಡಿಗ್ರಿ. ಅಮ್ಮನಿಗೆ ಓದಲು ಬಾರದು. ಆದರೂ ದಿನಾ ಸೆರಗಿನಿಂದ ಒರೆಸುತ್ತಾಳೆ. ಒರೆಸುವಾಗ ಹೆಸರಿಗಿಂತ ಅದರ ಮುಂದಿನ ಭಾಗವನ್ನು ಎರಡು ಸಲ ಹೆಚ್ಚು ಒರೆಸುತ್ತಾಳೆ.

ಕಡಬದ ಹೈಸ್ಕೂಲಿಗೆ ನನಗೆ ಕೆಲಸ ಸಿಕ್ಕಿದಾಗ ಅಮ್ಮನನ್ನೂ ಕರೆತಂದೆ. ಅವಳು ಎರಡು ಸಾಮಾನು ತಂದಳು. ಒಂದು, ಮಡಿಲಲ್ಲಿಟ್ಟು ಬೀಡಿ ಕಟ್ಟುವ ಗೆರಸೆ, ಅಂದರೆ ಮೊರ. (ಮಗಳಿಗೆ ಸರ್ಕಾರಿ ಕೆಲಸವಾಯಿತು, ಇನ್ನು ಬೀಡಿ ಯಾಕೆ ಅಂದೆ. ಕೈ ಸುಮ್ಮನೆ ಇಟ್ಟುಕೊಂಡು ಎಂತ ಮಾಡುದು ಅಂದಳು.) ಇನ್ನೊಂದು, ಗೋಣಿಚೀಲದಲ್ಲಿ ಬಾಯಿ ಕಟ್ಟಿದ ಬೊಳ್ಳಿ. ದಾರಿ ಕಂಡರೆ ಬೆಕ್ಕು ವಾಪಸು ಹೋಗುತ್ತದಂತೆ. ಬಸ್ಸಿನಲ್ಲಿ ಅದು ಇಡೀ ದಾರಿ ಕೂಗಿತು. ಕಂಡಕ್ಟರು ಅದಕ್ಕೂ ಟಿಕೆಟು ಕೊಡಬೇಕಾ ಎಂದು ಕೇಳಿದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ಆ ಚೀಲಕ್ಕೂ ನನಗೂ ಸಂಬಂಧವಿಲ್ಲದವಳ ಹಾಗೆ.

ಹೊಸ ಮನೆಗೆ ಬಂದ ಕೂಡಲೇ ಅಮ್ಮ ಬೆಕ್ಕನ್ನು ಎತ್ತಿಕೊಂಡು ಒಲೆಗೆ ಮೂರು ಸುತ್ತು ಬಂದಳು. ಆಮೇಲೆ ಅದರ ನಾಲ್ಕು ಪಾದಕ್ಕೂ ತೆಂಗಿನೆಣ್ಣೆ ಸವರಿ ಕೆಳಗೆ ಬಿಟ್ಟಳು. ಇದು ನಮ್ಮ ಕಡೆಯ ಕ್ರಮ. ಬೆಕ್ಕು ಕುಳಿತು ಎಣ್ಣೆ ನೆಕ್ಕಿ ಮುಗಿಸುವಷ್ಟರಲ್ಲಿ ಹಳೆಯ ಊರು ಮರೆತು ಹೊಸ ಮನೆ ತನ್ನದಾಗುತ್ತದೆ ಎಂದು ನಂಬಿಕೆ.

ನಾನು ನೋಡಿ ನಕ್ಕೆ. ಮೂಢನಂಬಿಕೆ ಅಂದೆ. ಬೆಕ್ಕಿನ ಮೈಗೆ ಏನು ಹಚ್ಚಿದರೂ ಅದು ನೆಕ್ಕಿಯೇ ನೆಕ್ಕುತ್ತದೆ ಎಂಬುದಷ್ಟೇ ಅಲ್ಲಿ ನೋಡಬೇಕಾದದ್ದು. ಅದನ್ನು ನಾನು ನೋಡಲಿಲ್ಲ.

ಇನ್ನು ಹಾಸಿಗೆಯ ವಿಷಯ. ಚಾಪೆ ಹಾಸಿ ನೆಲದಲ್ಲಿ ಮಲಗಿ ಅಮ್ಮನಿಗೆ ಸೊಂಟ ನೋವು ಜೋರಾಗಿತ್ತು. ಥಂಡಿ ನೆಲ ಬಿಡಿ ಎಂದು ಡಾಕ್ಟರು ಹೇಳಿದರು. ಪೆರಾಬೆಯಲ್ಲಿದ್ದಾಗ ಅಮ್ಮ ಎರಡು ಬೇಸಿಗೆ ಬೂರುಗದ ಕಾಯಿ ಹೆಕ್ಕಿ, ಒಡೆದು, ಬೀಜ ಬಿಡಿಸಿ, ಹತ್ತಿಯನ್ನು ಚೀಲದಲ್ಲಿ ತುಂಬಿಟ್ಟಿದ್ದಳು, ಆಮೇಲೆ ಹೋಗಿ ತಂದೆವು. ಅದೇ ಈ ಹಾಸಿಗೆ. ನಾನು ಅಗಲವಾದ ಒಂದು ಮಂಚ ಮಾಡಿಸಿದೆ. ಮನೆಗೆ ಇರುವುದು ಒಂದೇ ಕೋಣೆ. ಹಾಗಾಗಿ ಗೋಡೆಯ ಕಡೆಗೆ ನಾನು, ಈಚೆ ಅಮ್ಮ.

ಮಂಚ ಹತ್ತಲು ಅಮ್ಮ ಒಂದೇ ಶರತ್ತು ಹಾಕಿದಳು. ಬೊಳ್ಳಿಯೂ ಹತ್ತಬೇಕು.

ಇದು ಮುದ್ದಿನ ಮಾತಲ್ಲ. ಮೂವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ಮಲಗಿ ಸ್ವಲ್ಪ ಹೊತ್ತಿಗೆ ಬೆರಳುಗಳು ಮಡಚಿಕೊಂಡು ಸೆಟೆಯುತ್ತವೆ. ಬಿಡಿಸಹೋದರೆ ಜೀವ ಹೋಗುವಷ್ಟು ನೋವು. ಬೊಳ್ಳಿ ಹೊಟ್ಟೆಯ ಹತ್ತಿರ ಬಂದು ಮಲಗಿದರೆ ಅಮ್ಮ ಎರಡೂ ಕೈಗಳನ್ನು ಅದರ ಕೆಳಗೆ ತೂರಿಸುತ್ತಿದ್ದಳು. ಆ ಬಿಸಿಗೆ ಬೆರಳು ಒಂದೊಂದಾಗಿ ಸಡಿಲವಾಗುತ್ತಿತ್ತು. ಆಮೇಲೆ ನಿದ್ದೆ. ಬೆಕ್ಕು ಇದ್ದರೆ ಅಮ್ಮನಿಗೆ ನಿದ್ದೆ, ಇಲ್ಲದಿದ್ದರೆ ಇಲ್ಲ. ವಿಷಯ ಇಷ್ಟೇ.

ನನ್ನ ನಿದ್ದೆಯ ಗತಿ?

ಬೊಳ್ಳಿಯ ಮೈಯಲ್ಲಿ ಚಿಗಟ. ಅಮ್ಮನನ್ನು ಅವು ಮುಟ್ಟುತ್ತಿರಲಿಲ್ಲ. (ತಂಬಾಕಿನ ಹುಡಿಯಲ್ಲಿ ಹಗಲಿಡೀ ಕೂರುವವಳ ರಕ್ತ ಅವಕ್ಕೂ ರುಚಿಸದೋ ಏನೋ.) ನನ್ನ ಕೈ ಕಾಲು ಕುತ್ತಿಗೆಯಲ್ಲಿ ಮಾತ್ರ ಕೆಂಪು ಕೆಂಪು ದಡಿಕೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಇಡೀ ಕ್ಲಾಸಿಗೆ ಕಾಣುತ್ತದೆ. ಸಾಲದ್ದಕ್ಕೆ ಬೆಕ್ಕು ಬೆಳಗಿನ ನಾಲ್ಕು ಗಂಟೆಗೇ ಎದ್ದು ಬಾಗಿಲು ತೆರೆಸಲು ನನ್ನ ಎದೆಯ ಮೇಲೆಯೇ ನಡೆಯುತ್ತದೆ. ಉಗುರಿನಿಂದ ಪರಚಿ ಹಾಸಿಗೆಯ ಒಂದು ಮೂಲೆಯಲ್ಲಿ ಹತ್ತಿ ಈಚೆ ಬಂದಿತ್ತು. ಬೂರುಗದ ಹಾಸಿಗೆಗೆ ಒದ್ದೆಯೂ ಆಗದು. ಒಮ್ಮೆ ನೀರೋ ಬೆಕ್ಕಿನ ಉಚ್ಚೆಯೋ ಇಳಿದರೆ ಒಳಗೆ ಉಂಡೆ ಕಟ್ಟಿತೆಂದೇ ಲೆಕ್ಕ.

ಟೆಸ್ಟು ನಡೆಯುವಾಗ ಒಂದು ದಿನ ಮೇಲ್ವಿಚಾರಣೆಯ ಕುರ್ಚಿಯಲ್ಲೇ ತೂಕಡಿಸಿದೆ. ಹೆಡ್‌ಮಾಸ್ಟರು ಒಳ್ಳೆಯವರು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ ಎಂದು ಮೆಲ್ಲ ಕೇಳಿದರು. ಬೆಕ್ಕು ಎಂದು ಹೇಗೆ ಹೇಳುವುದು?

ಉಪಾಯಗಳನ್ನು ಮಾಡದೆ ಬಿಟ್ಟೆ ಎಂದುಕೊಳ್ಳಬೇಡಿ. ಹಾಸಿಗೆಯ ಮೇಲೆ ಮೇಣದ ಬಟ್ಟೆ ಹಾಸಿದೆ. ಬೆವರು ಬಂದು ಇಬ್ಬರೂ ಎದ್ದು ಕೂತೆವು. ಬೆಕ್ಕಿಗೆ ಬೇರೆಯೇ ಬುಟ್ಟಿ, ಬುಟ್ಟಿಯಲ್ಲಿ ನನ್ನ ಹಳೆಯ ಸ್ವೆಟರು ಇಟ್ಟೆ. ಬೊಳ್ಳಿ ಅದನ್ನು ಮೂಸಿಯೂ ನೋಡಲಿಲ್ಲ. ಬಾಗಿಲು ಹಾಕಿ ಹೊರಗೆ ಬಿಟ್ಟೆ. ಅದು ಹೊರಗೆ ಕೂಗಿತು, ಅಮ್ಮ ಒಳಗೆ ಎದ್ದು ಕೂತು ಬೆರಳು ತಿಕ್ಕಿದಳು. ಬಾಗಿಲು ತೆಗೆದದ್ದು ನಾನೇ. ಅಮ್ಮ ಲಕ್ಕಿ ಸೊಪ್ಪು ತಂದು ಹಾಸಿಗೆಯ ಅಡಿಗೆ ಹರಡಿದಳು. ಅದರಿಂದ ಚಿಗಟ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇನ್ನೂ ಎರಡು ವಾರ ಹಾಕಿ ನೋಡುವಾ ಅಂದಳು. ಎರಡು ವಾರ ಕಾಯುವ ತಾಳ್ಮೆ ನನಗಿರಲಿಲ್ಲ.

ನೆರೆಮನೆಯ ಐಸಮ್ಮ ಅಮ್ಮನ ಜೊತೆ ನಮ್ಮ ಜಗಲಿಯಲ್ಲೇ ಕುಳಿತು ಬೀಡಿ ಕಟ್ಟುವವಳು. ಅಮ್ಮನದೇ ವಯಸ್ಸು, ಬಾಯಿ ಸ್ವಲ್ಪ ಜಾಸ್ತಿ. (ಇಬ್ಬರೂ ತುಳುವಿನಲ್ಲಿ ಮಾತಾಡುವುದು. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.) ನನ್ನ ಕೈ ನೋಡಿ ಅವಳು, “ಟೀಚರ್, ನಿಮಗೆ ಒಂದು ಗಂಡು ಹುಡುಕುವಾಗ ಮೊದಲು ಅವನಿಗೆ ಚಿಗಟ ಕಚ್ಚುತ್ತದಾ ಅಂತ ಕೇಳಬೇಕು” ಅಂದಳು. ಅಮ್ಮ ಬೀಡಿಯ ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ವಾರ ಒಂಬತ್ತನೆಯ ಕ್ಲಾಸಿಗೆ ನಾನು ಗಿಡಗಳ ಕೀಟಬಾಧೆಯ ಪಾಠ ಮಾಡಿದ್ದೆ. ತಂಬಾಕಿನಲ್ಲಿ ನಿಕೋಟಿನ್ ಇದೆ, ಅದು ಕೀಟನಾಶಕ, ತಂಬಾಕಿನ ಕಷಾಯ ಸಿಂಪಡಿಸಿದರೆ ಹೇನುಹುಳು ಸಾಯುತ್ತದೆ. ಬೋರ್ಡಿನ ಮೇಲೆ ನಾನೇ ಬರೆದದ್ದು. ಮನೆಗೆ ಬಂದರೆ ಜಗಲಿಯಲ್ಲಿ ಗೆರಸೆ ತುಂಬ ತಂಬಾಕು. ಚಿಗಟಕ್ಕೆಂದು ಅಂಗಡಿಯಲ್ಲಿ ಸಿಗುವ ಬಿಳಿ ಪೌಡರು ವಿಷ, ಅದು ಬೇಡ ಎನ್ನುವಷ್ಟು ಬುದ್ಧಿ ನನಗಿತ್ತು. ಇದು ಹಾಗಲ್ಲವಲ್ಲ, ಇದು ಗಿಡದ ಸೊಪ್ಪು. ಮೇಲಾಗಿ ಪುಸ್ತಕದಲ್ಲಿದೆ.

ತಂಬಾಕಿನ ನೀರನ್ನು ಬೊಳ್ಳಿಯ ಮೈಗೆ ಹಚ್ಚುತ್ತೇನೆ ಎಂದು ಶುಕ್ರವಾರ ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಕತ್ತರಿ ಕೆಳಗಿಟ್ಟಳು.

“ಬೇಡ ಮಗಾ. ಅದು ನೆಕ್ಕುತ್ತದೆ.”

“ಸ್ವಲ್ಪ ನೆಕ್ಕಿದರೆ ಎಂತ ಆಗುದಿಲ್ಲ.”

“ಆಗುತ್ತದೆ. ನಾನು ಸುರುವಿಗೆ ಬೀಡಿಗೆ ಕೂತಾಗ ಕೈ ತೊಳೆಯದೆ ಗಂಜಿ ಉಂಡಿದ್ದೆ. ಮೂರು ದಿನ ವಾಂತಿ. ತಲೆ ತಿರುಗಿ ಬಾವಿಕಟ್ಟೆಯ ಹತ್ತಿರ ಬಿದ್ದಿದ್ದೆ. ನಾನು ಇಷ್ಟು ದೊಡ್ಡ ಹೆಂಗಸು. ಅದು ಇಷ್ಟು.”

ಇಷ್ಟು ಎಂದು ಅವಳು ಎರಡು ಕೈಯಲ್ಲಿ ಬೆಕ್ಕಿನ ಅಳತೆ ತೋರಿಸಿದಳು. ನಾನು ಅಂದ ಮಾತನ್ನು ಇಲ್ಲಿ ಬರೆಯದಿದ್ದರೆ ಈ ಅಂಕಣ ಬರೆದು ಪ್ರಯೋಜನವಿಲ್ಲ.

“ನಿನಗೆ ಅದೆಲ್ಲ ಗೊತ್ತಾಗುದಿಲ್ಲ ಅಮ್ಮ. ಇದು ಸಯನ್ಸ್.”

ಅಮ್ಮ ಕತ್ತರಿ ಎತ್ತಿಕೊಂಡಳು. ಎಲೆ ಕತ್ತರಿಸತೊಡಗಿದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಶನಿವಾರ ಶಾಲೆ ಅರ್ಧ ದಿನ. ಅಮ್ಮ ಶನಿವಾರ ಮಧ್ಯಾಹ್ನ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುತ್ತಾಳೆ. (ಬೀಡಿ ತೆಗೆದುಕೊಂಡು ಎಲೆ ತಂಬಾಕು ಕೊಡುವ ಜಾಗಕ್ಕೆ ನಮ್ಮಲ್ಲಿ ಬ್ರಾಂಚ್ ಎಂದೇ ಹೆಸರು.) ಅವಳು ಹೋಗುವುದನ್ನು ಕಾದಿದ್ದೆ ಎಂದರೆ ಸುಳ್ಳಲ್ಲ. ತಂಬಾಕಿನ ಹುಡಿಯನ್ನು ಬಟ್ಟೆಯಲ್ಲಿ ಸೋಸಿ, ಹಾಸಿಗೆಯ ಮೇಲೆ ತೆಳ್ಳಗೆ ಉದುರಿಸಿ, ಮೇಲಿಂದ ಹೊದಿಕೆ ಹಾಕಿ ನಾಲ್ಕೂ ಮೂಲೆ ಮಡಚಿದೆ. ಉಳಿದ ಹುಡಿಯನ್ನು ಬಿಸಿನೀರಿನಲ್ಲಿ ನೆನೆಸಿಟ್ಟೆ. ನೀರು ಕಡು ಕಂದು ಬಣ್ಣಕ್ಕೆ ಬಂತು. ಲ್ಯಾಬಿನಲ್ಲಿ ಮಾಡುವ ಹಾಗೆ ಅಚ್ಚುಕಟ್ಟಾಗಿ ಮಾಡಿದೆ.

ಬೊಳ್ಳಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಹಿಡಿದು ಮೊಣಕಾಲ ನಡುವೆ ಇಟ್ಟುಕೊಂಡೆ. ಕುತ್ತಿಗೆ, ಬೆನ್ನು, ಹೊಟ್ಟೆ, ಎಲ್ಲ ಕಡೆ ರೋಮದ ಬುಡಕ್ಕೆ ಇಳಿಯುವ ಹಾಗೆ ತಿಕ್ಕಿದೆ. ಅದು ಪರಚಲಿಲ್ಲ. ಅಮ್ಮನ ವಾಸನೆಯದೇ ನೀರಲ್ಲವೇ? ಸುಮ್ಮನೆ ಕೂತಿತು.

ಬಿಟ್ಟ ಕೂಡಲೇ ಅಂಗಳದ ಬಿಸಿಲಿಗೆ ಹೋಗಿ ಕುಳಿತು ನೆಕ್ಕತೊಡಗಿತು. ಬೆಕ್ಕಿನ ಶಿಸ್ತು ನಿಮಗೆ ಗೊತ್ತಲ್ಲ. ಒಂದು ಕಡೆಯಿಂದ ಸುರು ಮಾಡಿದರೆ ಒಂದು ರೋಮ ಬಿಡುವುದಿಲ್ಲ.

ನಾನು ಒಳಗೆ ಪೇಪರು ತಿದ್ದುತ್ತಿದ್ದೆ. ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಆಗಿರಬೇಕು. ಹೊರಗೆ ಏನೋ ಉರುಳಿದ ಸದ್ದು. ನೋಡಿದರೆ ಬೊಳ್ಳಿ ಜಗಲಿಯ ಮೆಟ್ಟಲು ಹತ್ತಲು ನೋಡುತ್ತಿದೆ, ಹಿಂಗಾಲು ಬರುತ್ತಿಲ್ಲ. ಬಾಯಲ್ಲಿ ನೊರೆ. ಮೈಯೆಲ್ಲ ನಡುಕ. ನನ್ನನ್ನು ನೋಡಿ ಕೂಗಲು ಬಾಯಿ ತೆರೆಯಿತು, ಸ್ವರ ಬರಲಿಲ್ಲ.

ಬಿಸಿನೀರು ಕಾಯಿಸಲು ಒಲೆಗೆ ಓಡಿದೆ. ಅಮ್ಮ ಅಷ್ಟರಲ್ಲಿ ಬಂದಳು. ತಲೆಯ ಮೇಲಿನ ಎಲೆಯ ಕಟ್ಟು ಇಳಿಸಿದಳು. ಬೆಕ್ಕನ್ನು ಮಡಿಲಿಗೆ ಎತ್ತಿಕೊಂಡಳು. ಅದರ ಬೆನ್ನು ಮೂಸಿದಳು.

ನನ್ನ ಮುಖ ನೋಡಲಿಲ್ಲ. “ನೀರು ಬೆಚ್ಚಗೆ ಸಾಕು, ಬಿಸಿ ಬೇಡ” ಅಂದಳು. ಅಷ್ಟೇ.

ಸೋಪು ಹಾಕಿ ಇಬ್ಬರೂ ತೊಳೆದೆವು. ನೀರು ಕಂದಾಗಿ ಇಳಿಯಿತು. ಮತ್ತೆ ತೊಳೆದೆವು. ಬುಟ್ಟಿಯಲ್ಲಿ ಇಟ್ಟುಕೊಂಡು ಜಾನುವಾರು ಆಸ್ಪತ್ರೆಗೆ ಓಡಿದೆವು. ಶನಿವಾರ ಮಧ್ಯಾಹ್ನ ಡಾಕ್ಟರಿರುವುದಿಲ್ಲ, ಪಕ್ಕದಲ್ಲೇ ಕಂಪೌಂಡರರ ಮನೆ. ಅವರು ಊಟದ ಕೈ ತೊಳೆದು ಬಂದರು. ಬೆಕ್ಕನ್ನು ತಂದವರು ನೀವೇ ಮೊದಲು, ಇಲ್ಲಿ ಬರುದೆಲ್ಲ ದನ ಮತ್ತು ಎಮ್ಮೆ ಎಂದರು. ಎಂತ ತಿಂದಿದೆ ಎಂದು ಕೇಳಿದರು.

ನಾನು ಹೇಳಿದೆ. ಹೇಳುವಾಗ ಕಷಾಯ ಎಂಬ ಪದ ಬಳಸಿದೆ. ಅದು ಸ್ವಲ್ಪ ಮರ್ಯಾದೆಯ ಪದ.

ಅವರು ಬಯ್ಯಲಿಲ್ಲ. ಬಹುಶಃ ನಾನು ಟೀಚರೆಂದು. ಇದ್ದಿಲಿನ ಹುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಲು ನೋಡಿದರು. ಗಂಟಲಿಗೆ ಇಳಿಯಲಿಲ್ಲ. ಅಮ್ಮನ ಹತ್ತಿರ ಮೆಲ್ಲ ಹೇಳಿದರು, ಮನೆಗೆ ತೆಗೆದುಕೊಂಡು ಹೋಗಿ ಬೆಚ್ಚಗೆ ಇಟ್ಟುಕೊಳ್ಳಿ ಎಂದು.

ಸೂರ್ಯ ಮುಳುಗುವ ಮೊದಲೇ ಅಮ್ಮನ ಮಡಿಲಲ್ಲಿ ಅದು ಹೋಯಿತು. ಅಮ್ಮನ ಎರಡೂ ಕೈ ಅದರ ಹೊಟ್ಟೆಯ ಕೆಳಗೆ ಇದ್ದವು. ಈ ಸಲ ಬಿಸಿ ಮಾಡುತ್ತಿದ್ದದ್ದು ಅಮ್ಮ.

ಆಗ ಐಸಮ್ಮ ಬಂದಳು. ಜಗಲಿಯ ಕೆಳಗೆ ನಿಂತು, “ಅಯ್ಯೋ, ಎಂತ ಆಯಿತು ಮಾರಾಯ್ತಿ ಇದಕ್ಕೆ” ಎಂದು ಕೇಳಿದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಮೊಣಕೈವರೆಗೆ ಕಂದು ಕಲೆ. ಒಂದು ಮಾರು ದೂರಕ್ಕೆ ತಂಬಾಕಿನ ವಾಸನೆ. ತಲೆಯ ಮೇಲೆ ನನ್ನ ಹೆಸರಿನ ಹಲಗೆ.

ಅಮ್ಮ ತಲೆ ಎತ್ತದೆ ಹೇಳಿದಳು, “ಎಲ್ಲಿಯೋ ಪಾಷಾಣ ತಿಂದ ಇಲಿಯನ್ನು ತಿಂದು ಬಂದಿದೆ.”

ನನ್ನ ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಆವತ್ತೇ.

ಐಸಮ್ಮ ನನ್ನ ಕೈ ನೋಡಿದಳು. ಅವಳೂ ಅಷ್ಟೇ ವರ್ಷ ತಂಬಾಕು ಮುಟ್ಟಿದವಳು. ಆ ಕಲೆ, ಆ ವಾಸನೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಅಮ್ಮನ ಪಕ್ಕ ಕುಳಿತು ಬೆಕ್ಕಿನ ತಲೆ ಸವರಿ, “ಹೌದು. ಇಲಿಯೇ ಇರಬೇಕು” ಅಂದಳು.

ಅಕ್ಷರ ಬಾರದ ಇಬ್ಬರು ಹೆಂಗಸರು ಒಂದು ಬಿ.ಎಸ್ಸಿ.ಯ ಮಾನ ಕಾಪಾಡಿದರು. ನಾನು ಬಾಯಿ ಬಿಡಲಿಲ್ಲ. ಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಕ್ಲಾಸಿನಲ್ಲಿ ನಲವತ್ತು ನಿಮಿಷ ನಿಲ್ಲಿಸದೆ ಮಾತಾಡುವವಳು ನಾನು.

ಮರುದಿನದಿಂದ ಹಾಸಿಗೆಯಲ್ಲಿ ಒಂದೇ ಒಂದು ಚಿಗಟ ಇರಲಿಲ್ಲ. ಹುಡಿಯನ್ನೆಲ್ಲ ಕೊಡವಿ, ಹಾಸಿಗೆಯನ್ನು ಮೂರು ದಿನ ಬಿಸಿಲಿಗೆ ಹಾಕಿದೆ. ಹರಿದ ಮೂಲೆ ಹೊಲಿದೆ. ಈಗ ಅದು ಹೊಸದರಂತೆ ಇದೆ. ಯಾರೂ ಪರಚುವುದಿಲ್ಲ. ನಾಲ್ಕು ಗಂಟೆಗೆ ಯಾರೂ ಎದೆಯ ಮೇಲೆ ನಡೆಯುವುದಿಲ್ಲ. ನನ್ನ ಕೈಯ ದಡಿಕೆಗಳು ಮಾಯವಾದವು. ಪುಸ್ತಕ ಹೇಳಿದ್ದು ಸರಿಯಾಗಿಯೇ ಇತ್ತು ನೋಡಿ. ಪುಸ್ತಕದಲ್ಲಿದ್ದದ್ದು ಗಿಡದ ವಿಷಯ. ಗಿಡ ತನ್ನ ಮೈಯನ್ನು ನೆಕ್ಕುವುದಿಲ್ಲ.

ಅಮ್ಮ ಮಾತ್ರ ಮಲಗುವುದಿಲ್ಲ.

ಮಲಗುತ್ತಾಳೆ, ನಿದ್ದೆ ಮಾಡುವುದಿಲ್ಲ. ನನ್ನ ನಿದ್ದೆ ಕೆಡಬಾರದೆಂದು ಅಲುಗಾಡದೆ, ಸದ್ದಿಲ್ಲದೆ ಬೆರಳು ತಿಕ್ಕಿಕೊಳ್ಳುತ್ತಾಳೆ. ಪುತ್ತೂರಿಗೆ ಹೋಗಿ ರಬ್ಬರಿನ ಬಿಸಿನೀರಿನ ಚೀಲ ತಂದುಕೊಟ್ಟೆ. ಒಳ್ಳೆಯದುಂಟು ಅಂದಳು. ಎರಡು ಗಂಟೆಯಲ್ಲಿ ಅದು ತಣ್ಣಗಾಗುತ್ತದೆ. ತಣ್ಣಗಾದ ಮೇಲೆ ಅದನ್ನು ಮೆಲ್ಲ ಮಂಚದ ಕೆಳಗೆ ಇಡುತ್ತಾಳೆ. ಒಮ್ಮೆ ನಾನೇ ಅವಳ ಕೈ ಹಿಡಿದು ತಿಕ್ಕಲು ಹೋದೆ. ಬೆಳಗ್ಗೆ ಶಾಲೆ ಉಂಟಲ್ಲ, ಮಲಗು ಅಂದಳು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಅಮ್ಮ ಈಗ ಹಗಲು ಬೀಡಿ ಕಟ್ಟುವಾಗ ತೂಕಡಿಸುತ್ತಾಳೆ. ಕತ್ತರಿ ತಾಗಿ ಒಮ್ಮೆ ಹೆಬ್ಬೆರಳು ಕೊಯ್ದುಕೊಂಡಳು.

ಸುಳ್ಯದ ಓದುಗರೇ, ನಿಮಗೆ ಉತ್ತರ ಕೊಡುವೆ. ಇದನ್ನು ನಾನು ಆಮೇಲೆ ಕಂಪೌಂಡರರ ಹತ್ತಿರ ಹೋಗಿ ಕೇಳಿ ತಿಳಿದದ್ದು, ಅಷ್ಟಿಷ್ಟು ಐಸಮ್ಮ ಹೇಳಿದ್ದು. ಬೆಕ್ಕಿನ ಮೈಗೆ ಯಾವ ಹುಡಿಯನ್ನೂ ಯಾವ ಕಷಾಯವನ್ನೂ ಹಚ್ಚಬೇಡಿ. ಹೇನು ಬಾಚುವ ಒತ್ತುಹಲ್ಲಿನ ಬಾಚಣಿಗೆ ಇದೆಯಲ್ಲ, ಅದರಿಂದ ದಿನಾ ಸಂಜೆ ಬಾಚಿ, ಬಾಚಣಿಗೆಯನ್ನು ಸೋಪಿನ ನೀರಿಗೆ ಅದ್ದಿ. ಚಿಗಟ ಅಲ್ಲೇ ಮುಳುಗುತ್ತದೆ. ಹಾಸಿಗೆಗೆ ದಪ್ಪ ಬಟ್ಟೆಯ ಗವಸು ಹೊಲಿಸಿ, ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಹಾಕಿ ಒಗೆಯಿರಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಬೆಕ್ಕು ಮಲಗುವ ಕಡೆ ಅದರದೇ ಒಂದು ಕಂಬಳಿಯ ತುಂಡು ಹಾಸಿ. ಹಾಸಿಗೆಯ ಮೇಲೇ ಹಾಸಿ, ಬುಟ್ಟಿಯಲ್ಲಲ್ಲ. ಅದು ಆ ತುಂಡು ಬಿಟ್ಟು ಬೇರೆ ಕಡೆ ಮಲಗುವುದು ಕಡಿಮೆಯಂತೆ. ಮಲಗುವ ಮೊದಲು ಹೊಟ್ಟೆ ತುಂಬ ಊಟ ಹಾಕಿದರೆ ನಾಲ್ಕು ಗಂಟೆಯ ಬದಲು ಆರಕ್ಕೆ ಏಳುತ್ತದಂತೆ. ಚಿಗಟ ಹೋಗಲು ಒಂದು ತಿಂಗಳು ಬೇಕು.

ಒಂದು ತಿಂಗಳು. ಅಷ್ಟೇ ಬೇಕಾಗಿದ್ದದ್ದು.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಹೋದ ಭಾನುವಾರದ ವಿಷಯ ಹೇಳದಿದ್ದರೆ ಇದು ಅರ್ಧ ಸತ್ಯವಾಗುತ್ತದೆ.

ಐಸಮ್ಮನ ಮನೆಯ ಬೆಕ್ಕು ಮರಿ ಹಾಕಿದೆ. ನಾನು ಒಳಗೆ ಕುಳಿತಿದ್ದೆ, ಅವರಿಬ್ಬರೂ ಜಗಲಿಯಲ್ಲಿ. ಮೂರು ಮರಿಯಲ್ಲಿ ಒಂದು ಒಳ್ಳೆ ಗುಂಡಗಿದೆ, ಹಾಲು ಬಿಟ್ಟ ಮೇಲೆ ತಂದುಕೊಡುತ್ತೇನೆ, ನಿನ್ನ ಬೆರಳಿಗೆ ಆಗುತ್ತದೆ ಎಂದು ಐಸಮ್ಮ ಹೇಳುತ್ತಿದ್ದಳು. ಅಮ್ಮನ ಕತ್ತರಿ ನಿಂತಿತು. ಅವಳಿಗೆ ಆಸೆಯಾದದ್ದು ಅದರಲ್ಲೇ ನನಗೆ ಗೊತ್ತಾಯಿತು.

“ಬೇಡ ಐಸಮ್ಮ,” ಅಂದಳು ಆಮೇಲೆ. “ಇಲ್ಲಿ ಪಾಷಾಣದ ಇಲಿಗಳು ಉಂಟು.”

ಇಬ್ಬರ ಕತ್ತರಿಯ ಸದ್ದು ಮತ್ತೆ ಸುರುವಾಯಿತು.

ನೋಡಿ, ಅಮ್ಮ ನನಗಾಗಿ ಹೇಳಿದ ಸುಳ್ಳನ್ನು ಈಗ ತಾನೇ ಕಾಯುತ್ತಿದ್ದಾಳೆ. ಮರಿ ಬಂದರೆ ಮತ್ತೆ ಮಗಳಿಗೆ ಚಿಗಟ ಕಚ್ಚೀತು, ಮಗಳು ಮತ್ತೆ ಏನಾದರೂ ಮಾಡಿಯಾಳು, ಆಗ ಯಾವ ಇಲಿಯ ಮೇಲೆ ಹಾಕುವುದು? ಅದಕ್ಕಿಂತ ಬೆರಳು ಸೆಟೆದುಕೊಂಡೇ ಇರಲಿ. ನನಗೆ ಹೆದರಿ ಅವಳು ತನ್ನ ನಿದ್ದೆ ಬಿಟ್ಟುಕೊಡುತ್ತಿದ್ದಾಳೆ. ಪ್ರೀತಿ ಎಂದು ಬೇಕಾದರೆ ಕರೆಯಬಹುದು. ಆದರೆ ಅದರಲ್ಲಿ ಹೆದರಿಕೆ ಇದೆ. ಒಬ್ಬಳು ತಾಯಿ ತಾನು ಓದಿಸಿದ ಮಗಳಿಗೆ ಹೆದರುವುದಾದರೆ, ಆ ಓದು ಎಂಥದ್ದು?

ಆಗಲೂ ಎದ್ದು ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಕೈಯಲ್ಲಿ ಕೆಂಪು ಪೆನ್ನು ಇತ್ತು, ಮಕ್ಕಳ ತಪ್ಪುಗಳಿಗೆ ಗೆರೆ ಎಳೆಯುತ್ತ ಕುಳಿತೆ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಐಸಮ್ಮ, ಅದು ಇಲಿಯಲ್ಲ. ನಾನು. ಅಮ್ಮ ಬೇಡ ಅಂದಿದ್ದಳು. ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಪತ್ರಿಕೆ ನಮ್ಮ ಮನೆಗೆ ಭಾನುವಾರ ಮಧ್ಯಾಹ್ನ ಮುಟ್ಟುತ್ತದೆ. ಈ ಅಂಕಣವನ್ನು ಜಗಲಿಯಲ್ಲಿ ಕುಳಿತು ಇಬ್ಬರಿಗೂ ತುಳುವಿನಲ್ಲಿ ಓದಿ ಹೇಳುವುದು ನಾನೇ. ಬೇಡದ ಸಾಲನ್ನು ಹಾರಿಸುವ ಅಭ್ಯಾಸವೂ ನನಗಿದೆ. ಅವರಿಗೆ ಗೊತ್ತಾಗುವುದಿಲ್ಲ. ಈ ಸಲ ಒಂದು ಸಾಲನ್ನೂ ಹಾರಿಸುವುದಿಲ್ಲ ಎಂದು ನಿಮ್ಮೆಲ್ಲರ ಮುಂದೆ ಹೇಳಿ ನನ್ನನ್ನು ನಾನೇ ಕಟ್ಟಿಹಾಕಿಕೊಂಡಿದ್ದೇನೆ.

ಓದಿ ಮುಗಿಸಿದ ಮೇಲೆ ಕೇಳಲು ಉಳಿಯುವುದು ಒಂದೇ ಮಾತು: ಅಮ್ಮಾ, ಆ ಗುಂಡಗಿನ ಮರಿಯನ್ನು ತರಲಿಕ್ಕೆ ಹೇಳಲಾ?